ಫಾರ್ಸಿಯ ಅಜ್, ಬೆ, ಬಾ, ದರ್ ನಾನು ಕಲ್ತಿದ್ದು ಹೀಗೆ

ಫಾರ್ಸಿ ಕಲಿಯೋಕೆ ಹೊರಟಿರೋ ಕನ್ನಡದವ್ರಿಗೆ ನಾನು ಮೊದ್ಲು ಹೇಳೋದು ಇದೇ, ಪ್ರಿಪೊಸಿಶನ್‌ಗಳನ್ನ, ಅಂದ್ರೆ ನಾಮಪದಕ್ಕೆ ಮೊದ್ಲು ಬಂದು ನಮ್ಮ ವಿಭಕ್ತಿಯ ಕೆಲಸ ಮಾಡೋ ಪದಗಳನ್ನ, ಪಟ್ಟಿ ಮಾಡ್ಕೊಂಡು ಉರು ಹೊಡೀಬೇಡಿ. ಅಜ್ ಅಂದ್ರೆ ಇಂದ, ಬೆ ಅಂದ್ರೆ ಗೆ, ಬಾ ಅಂದ್ರೆ ಜೊತೆ, ದರ್ ಅಂದ್ರೆ ಅಲ್ಲಿ ಅಂತ ಪುಸ್ತಕದಲ್ಲಿ ಇರುತ್ತೆ, ಅದು ಸರೀನೇ, ಆದ್ರೆ ಬಾಯಿ ತೆಗೆದು ಮಾತಾಡೋವಾಗ ಯಾವುದು ಬೇಕು ಅಂತ ತೀರ್ಮಾನ ಮಾಡೋದು ಕ್ರಿಯಾಪದ. ನಾವು ನಾಯಿಗೆ ಹೆದರ್ತೀವಿ, ಇರಾನಿನವ್ರು ನಾಯಿಯಿಂದ ಹೆದರ್ತಾರೆ, 'ಅಜ್ ಸಗ್ ಮೀತರ್ಸಮ್'. ನಾವು ಮೇಷ್ಟ್ರನ್ನ ಕೇಳ್ತೀವಿ, ಅಲ್ಲಿ ಮೇಷ್ಟ್ರಿಂದ ಕೇಳ್ಬೇಕು, 'ಅಜ್ ಮೊಅಲ್ಲೆಮ್ ಪೊರ್ಸೀದಮ್'. ನನ್ನನ್ನ ನೋಡು ಅನ್ನೋಕೆ 'ಬೆ ಮನ್ ನೆಗಾಹ್ ಕೊನ್', ಅಂದ್ರೆ ನನಗೆ. ಬಸ್ಸಲ್ಲಿ ಬಂದೆ ಅನ್ನೋಕೆ ದರ್ ಅಲ್ಲ, 'ಬಾ ಒತೊಬೂಸ್ ಆಮದಮ್'.

ಅದಕ್ಕೇ ನನ್ನ ನೋಟ್‌ಬುಕ್ಕಲ್ಲಿ ತರ್ಸೀದನ್ (ಹೆದರೋದು) ಅಂತ ಒಂಟಿಯಾಗಿ ಎಲ್ಲೂ ಬರೀಲಿಲ್ಲ, 'ಅಜ್ ... ತರ್ಸೀದನ್' ಅಂತಾನೇ ಬರೆದೆ, ಪಕ್ಕದಲ್ಲಿ ನನ್ನದೇ ಒಂದು ವಾಕ್ಯ, ಅದರ ಕೆಳಗೆ ಕನ್ನಡ, ವಿಭಕ್ತಿ ಎರಡು ಕಡೆ ಬೇರೆ ಆದ್ರೆ ಮಾತ್ರ ಕೆಂಪು ಪೆನ್ನಲ್ಲಿ ಗೆರೆ. ಹೊಂದೋದನ್ನ ಓದೋಕೆ ಟೈಮ್ ಕೊಡ್ಲೇ ಇಲ್ಲ. ಕೆಂಪು ಗೆರೆ ಇದ್ದದ್ದನ್ನ ಮಾತ್ರ ದಿನಾ ಬೆಳಗ್ಗೆ ಜೋರಾಗಿ ಹೇಳ್ಕೊಳ್ತಿದ್ದೆ.

ಇದರಲ್ಲಿ ಅಜ್‌ಗೆ ಜಾಸ್ತಿ ದಿನ ಬೇಕು, ಬಿಡಿ. 'ತೆಹ್ರಾನ್ ಅಜ್ ಎಸ್ಫಹಾನ್ ಬೊಜೊರ್ಗ್‌ತರ್ ಅಸ್ತ್', ಇಲ್ಲಿ ಅದು ನಮ್ಮ 'ಗಿಂತ'. 'ಯೆಕೀ ಅಜ್ ದೂಸ್ತಾನಮ್' ಅಂದಾಗ ಗೆಳೆಯರಲ್ಲಿ ಒಬ್ಬ. 'ಅಜ್ ಈನ್ ಕೆತಾಬ್ ಖೊಶಮ್ ಮೀಆಯದ್', ಈ ಪುಸ್ತಕ ನಂಗಿಷ್ಟ, ಕನ್ನಡದಲ್ಲಿ ಇಲ್ಲಿ ಪುಸ್ತಕಕ್ಕೆ ವಿಭಕ್ತಿಯೇ ಕಾಣಲ್ಲ. ಒಂದೇ ಅಜ್ ನಮ್ಮ ಇಷ್ಟೊಂದು ಕಡೆ ಹಂಚಿಹೋಗುತ್ತೆ, ಅದಕ್ಕೆ ಒಂದು ಅರ್ಥ ಹುಡುಕ್ತಾ ಕೂರೋ ಬದ್ಲು ವಾಕ್ಯ ವಾಕ್ಯವಾಗಿ ಬಾಯಿಗೆ ಹತ್ತಿಸ್ಕೊಳ್ಳೋದೇ ವಾಸಿ.

ಇನ್ನೊಂದು ಗುಂಪು ನಮಗೆ ತುಂಬಾ ಸಲೀಸು, ಯಾಕೋ ಯಾರೂ ಇದನ್ನ ಹೇಳಲ್ಲ. ರೂ ಅಂದ್ರೆ ಮುಖ, ಪೊಶ್ತ್ ಅಂದ್ರೆ ಬೆನ್ನು, ಕೆನಾರ್ ಅಂದ್ರೆ ಅಂಚು, ಇವೆಲ್ಲ ನಾಮಪದಗಳೇ. ಇವಕ್ಕೆ ಎಜಾಫೆ, ಅಂದ್ರೆ 'ಎ' ಅಥವಾ 'ಯೆ', ಸೇರಿದ್ರೆ ರೂಯೆ ಮೀಜ್, ಪೊಶ್ತೆ ದರ್, ಕೆನಾರೆ ದರಿಯಾ. ಈಗ ಕನ್ನಡ ನೋಡಿ: ಮೇಜಿನ ಮೇಲೆ, ಬಾಗಿಲಿನ ಹಿಂದೆ, ಸಮುದ್ರದ ಪಕ್ಕ. ನಮ್ಮ 'ಇನ', 'ದ' ಮಾಡೋ ಕೆಲಸಾನೇ ಅಲ್ಲಿ ಎಜಾಫೆ ಮಾಡುತ್ತೆ, ಕ್ರಮ ಮಾತ್ರ ತಿರುಗಾಮುರುಗಾ. ಅಜ್, ಬೆ, ಬಾ, ದರ್, ತಾ (ವರೆಗೆ) ಇವಕ್ಕೆ ಎಜಾಫೆ ಬರಲ್ಲ, ಇದು ಗಟ್ಟಿಯಾಗಿ ನೆನಪಿರ್ಲಿ. ಓದೋವಾಗ ತೊಡಕು ಏನಂದ್ರೆ, ವ್ಯಂಜನದ ಮೇಲಿನ ಎಜಾಫೆನ ಸಾಮಾನ್ಯವಾಗಿ ಬರೆಯೋದೇ ಇಲ್ಲ, ಪೊಶ್ತ್ ದರ್ ಅಂತ ಇರುತ್ತೆ, ನಾವೇ ಸೇರಿಸ್ಕೊಂಡು ಓದ್ಬೇಕು, ಅದರ ಮೇಲೆ ಇಲ್ಲಿ ದರ್ ಅಂದ್ರೆ ಬಾಗಿಲು.

ನಮ್ಮ 'ಅನ್ನು' ಥರದ 'ರಾ' ಒಂದು ಮಾತ್ರ ನಾಮಪದ ಆದ್ಮೇಲೆ ಬರುತ್ತೆ. 'ಕೆತಾಬ್ ಖಾಂದಮ್' ಅಂದ್ರೆ ಪುಸ್ತಕ ಓದಿದೆ, 'ಕೆತಾಬ್ ರಾ ಖಾಂದಮ್' ಅಂದ್ರೆ ಆ ಪುಸ್ತಕವನ್ನ ಓದಿದೆ. ಕನ್ನಡದ 'ಅನ್ನು' ಎಲ್ಲಿ ಬಿಡ್ತೀರೋ ಹೆಚ್ಚುಕಮ್ಮಿ ಅಲ್ಲೇ ರಾನೂ ಬಿಡಬಹುದು, ಇಂಗ್ಲಿಷ್ ಮೂಲಕ ಕಲಿಯೋವ್ರು ಇದಕ್ಕೆ ಪಡೋ ಕಷ್ಟ ನಮಗಿಲ್ಲ.

ಈ ಪದಗಳು ಕನ್ನಡಕ್ಕೂ ಬಂದಿವೆ: ನಮ್ಮ ತಾಲ್ಲೂಕು ಕಚೇರಿಯ ದರಖಾಸ್ತು, ಸಭೆ ಬರಖಾಸ್ತು, ಎರಡೂ ಫಾರ್ಸಿಯವೇ, ಎರಡರಲ್ಲೂ ಕ್ರಿಯಾಪದಕ್ಕೆ ಅಂಟ್ಕೊಂಡಿರೋ ದರ್, ಬರ್ (ಮೇಲೆ) ಇವೆ. ದರ್‌ಖಾಸ್ತ್ ಅಂದ್ರೆ ಇರಾನಲ್ಲಿ ಇವತ್ತಿಗೂ ವಿನಂತಿ, ಬರ್‌ಖಾಸ್ತ್ ಅಂದ್ರೆ ಎದ್ದ. ಎರಡೂ ಖಾಸ್ತ್ ಕೇಳೋಕೆ ಒಂದೇ, ಆದ್ರೆ ಬೇರೆ ಬೇರೆ ಧಾತು, ದರ್‌ಖಾಸ್ತ್‌ನಲ್ಲಿರೋ 'ಬೇಕು' ಅನ್ನೋ ಅರ್ಥದ ಖಾಸ್ತ್ ಬರೆಯೋವಾಗ ಉಚ್ಚಾರ ಇಲ್ಲದ ಒಂದು ವಾವ್ ಅಕ್ಷರ ಇರುತ್ತೆ.

ಇದಾದ್ಮೇಲೆ ಆಡುಮಾತಿಗೆ ಬನ್ನಿ, ಅಲ್ಲಿ ದರ್ ಹೋಗಿ 'ತೂ' ಬರುತ್ತೆ, ಅವನಿಗೆ ಹೇಳಿದೆ ಅನ್ನೋದು 'ಬೆಹೆಶ್ ಗೊಫ್ತಮ್' ಆಗುತ್ತೆ, ಮನೆಗೆ ಹೋದೆ ಅನ್ನೋವಾಗ ಬೆ ಪೂರ್ತಿ ಬಿದ್ದುಹೋಗಿ 'ರಫ್ತಮ್ ಖೂನೆ' ಅಂತಾರೆ, ಹೋಗೋ ಜಾಗದ ಹೆಸರು ಕ್ರಿಯಾಪದ ಆದ್ಮೇಲೆ ಬಂದಿರುತ್ತೆ. ಬರಹದ ರೂಪ ಕೈಗೆ ಹತ್ತೋವರೆಗೂ ನಾನು ಇದನ್ನ ಮುಟ್ಟಲಿಲ್ಲ, ನೀವೂ ಹಾಗೇ ಮಾಡಿ.