ಮಳೆಗೆ ಮುಂಚೆ ಮನೆ ಎಣಿಸಿ: ಊರಿನ ತುರ್ತು ತಂಡ ಕಟ್ಟುವುದು ಹೀಗೆ

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಮಡಿಕೇರಿ–ಮಂಗಳೂರು ಹೆದ್ದಾರಿಯೇ ಕಡಿದುಹೋಯಿತು. ಸೇನೆ ಬಂತು, ಕೇಂದ್ರದ ವಿಪತ್ತು ರಕ್ಷಣಾ ಪಡೆ ಎನ್‌ಡಿಆರ್‌ಎಫ್ ಬಂತು, ದೊಡ್ಡ ಕೆಲಸ ಮಾಡಿದವು. ಆದರೆ ಅವರು ಕೆಸರು ದಾಟಿ ತಲುಪುವ ಮೊದಲೇ ವಯಸ್ಸಾದವರ ಕೈ ಹಿಡಿದು ಗುಡ್ಡ ಹತ್ತಿಸಿದವರು ಅಕ್ಕಪಕ್ಕದ ಮನೆಯವರು. ಆಮೇಲೆ 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು. ಪುನರ್ವಸುವಿನಿಂದ ಆಶ್ಲೇಷದವರೆಗಿನ ಮಳೆ ಎಂದರೆ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಈಗ ರಾತ್ರಿ ನಿದ್ದೆ ಬಾರದ ಕಾಲ. ಹೊರಗಿನ ನೆರವು ಬರುವ ತನಕದ ಗಂಟೆಗಳನ್ನು ನಿಭಾಯಿಸಲು ಪ್ರತಿ ಊರಿನಲ್ಲೂ ಹತ್ತು ಹದಿನೈದು ಜನ ತಯಾರಿರಬೇಕು. ಅದಕ್ಕೆ ಬೇಕಾದ ದುಡ್ಡು ಕಡಿಮೆ. ಮೇ ತಿಂಗಳ ಕೆಲವು ಭಾನುವಾರಗಳು ಸಾಕು.

ಮೊದಲು ನೋಟ್‌ಬುಕ್, ಆಮೇಲೆ ಹಗ್ಗ

ತಂಡ ಎಂದ ಕೂಡಲೇ ಹೆಚ್ಚಿನ ಕಡೆ ಜಾಕೆಟ್, ಟೀ ಶರ್ಟ್, ಬ್ಯಾನರ್ ಲೆಕ್ಕ ಶುರುವಾಗುತ್ತದೆ. ಅದನ್ನು ಬದಿಗಿಡಿ. ಮೊದಲ ಭಾನುವಾರ ಬೇಕಾದದ್ದು 200 ಪುಟದ ಒಂದು ನೋಟ್‌ಬುಕ್, ಒಂದು ಪೊಟ್ಟಣ ಸೀಮೆಸುಣ್ಣ. ಅಂಗನವಾಡಿಯ ನೆಲದ ಮೇಲೆ ಊರಿನ ನಕ್ಷೆ ಬರೆಯಿರಿ. ರಸ್ತೆ, ತೋಡು (ಸಣ್ಣ ಹಳ್ಳ), ಮೋರಿ, ಟ್ರಾನ್ಸ್‌ಫಾರ್ಮರ್, ಬಾವಿ, ಗುಡ್ಡ ಕಡಿದು ಕಟ್ಟಿದ ಮನೆಗಳು. ಹಿರಿಯರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ನಮ್ಮಲ್ಲಿ ನಕ್ಷೆ ಬರೆಯುವಾಗ ಒಬ್ಬ ಅಜ್ಜಿ ಕೋಲಿನಿಂದ ನೆಲ ತೋರಿಸಿ, ‘ಇಲ್ಲಿ ಮೊದಲು ತೋಡಿತ್ತು ಮಗ, ನನ್ನ ಮದುವೆಯಾದ ವರ್ಷ ಇಲ್ಲೇ ಸೀರೆ ಒಗೆಯುತ್ತಿದ್ದೆ’ ಎಂದರು. ಆ ಜಾಗದಲ್ಲಿ ಈಗ ಎರಡು ಮನೆಗಳಿವೆ. ಮುಚ್ಚಿದ ತೋಡು ಕಾಗದಪತ್ರದಲ್ಲಿ ಇರುವುದಿಲ್ಲ, ನೀರಿಗೆ ಮಾತ್ರ ತನ್ನ ಹಳೆಯ ದಾರಿ ಮರೆಯುವುದಿಲ್ಲ.

ನಕ್ಷೆ ಮುಗಿದ ಮೇಲೆ ಮನೆ ಮನೆ ಎಣಿಸಿ. ಎಷ್ಟು ಜನ, ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ, ಹಾಸಿಗೆ ಹಿಡಿದವರು ಇದ್ದಾರೆಯೇ, ತುಂಬು ಬಸುರಿ ಇದ್ದಾರೆಯೇ, ಇನ್ಸುಲಿನ್ ಅಥವಾ ಡಯಾಲಿಸಿಸ್‌ನಲ್ಲಿ ಇರುವವರು ಯಾರು, ಕಿವಿ ಕೇಳದವರು ಯಾರು, ಕೊಟ್ಟಿಗೆಯಲ್ಲಿ ದನ ಎಷ್ಟು. ಎಸ್ಟೇಟ್ ಲೈನ್‌ಮನೆಗಳಲ್ಲಿ ಇರುವ ಹೊರ ರಾಜ್ಯದ ಕಾರ್ಮಿಕರನ್ನು ಬಿಡಬೇಡಿ. ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಆಪತ್ತಿನಲ್ಲಿ ಅವರನ್ನು ಹುಡುಕಿಕೊಂಡು ಬರುವ ಬಂಧುಗಳೂ ಹತ್ತಿರ ಇರುವುದಿಲ್ಲ. ಈ ಕೆಲಸಕ್ಕೆ ಆಶಾ ಕಾರ್ಯಕರ್ತೆಯ ನೆರವು ಕೇಳಿ. ಮನೆಯೊಳಗಿನ ಸಂಗತಿ ಅವರಷ್ಟು ಬಲ್ಲವರು ಊರಲ್ಲಿ ಇನ್ನೊಬ್ಬರಿಲ್ಲ.

ಕೋಣೆಯ ವಿವರವೆಲ್ಲ ಯಾಕೆ ಎಂದು ಕೆಲವರು ಕೇಳುತ್ತಾರೆ. ಮಣ್ಣಿನಡಿ ಮನೆ ಹೂತಾಗ ರಕ್ಷಣಾ ತಂಡ ಬಂದು ಮೊದಲು ಕೇಳುವುದೇ ಅದು: ಒಳಗೆ ಎಷ್ಟು ಜನ, ಎಲ್ಲಿ ಮಲಗಿದ್ದರು? ಉತ್ತರ ಸಿದ್ಧವಿದ್ದರೆ ಅಗೆತ ಸರಿಯಾದ ಮೂಲೆಯಿಂದ ಶುರುವಾಗುತ್ತದೆ. ಇಲ್ಲದಿದ್ದರೆ ನೆಂಟರ ಮನೆಗೆ ಹೋದವರಿಗಾಗಿಯೂ ಗಂಟೆಗಟ್ಟಲೆ ಅಗೆಯಬೇಕಾಗುತ್ತದೆ.

ಕೊನೆಗೆ ಪ್ರತಿ ಮನೆಯ ಎದುರು ಒಂದು ಹೆಸರು ಬರೆಯಿರಿ, ಆ ಮನೆ ಯಾರ ಹೊಣೆ ಎಂದು. ‘ಎಲ್ಲರೂ ನೋಡಿಕೊಳ್ಳೋಣ’ ಎಂದರೆ ಯಾರೂ ಹೋಗುವುದಿಲ್ಲ. ಒಬ್ಬರಿಗೆ ನಾಲ್ಕೈದು ಮನೆಗಿಂತ ಹೆಚ್ಚು ಬೇಡ. ತಂಡದಲ್ಲಿ ಹೆಣ್ಣುಮಕ್ಕಳು ಇರಲೇಬೇಕು. ನಡುರಾತ್ರಿ ಬಾಣಂತಿಯ ಕೋಣೆಯ ಬಾಗಿಲು ತಟ್ಟಬೇಕಾದವರು ಅವರೇ.

ಡಬ್ಬಿಯೊಂದು ಹೇಳುವ ಮಾತು

ನೇರ ಗೋಡೆಯ ಒಂದು ಗಾಜಿನ ಅಥವಾ ಸ್ಟೀಲ್ ಡಬ್ಬಿಯನ್ನು ಮರ, ಸೂರುಗಳಿಂದ ದೂರ, ಬಯಲಿನಲ್ಲಿ ಅಲುಗದಂತೆ ನಿಲ್ಲಿಸಿ. ದಿನಾ ಬೆಳಿಗ್ಗೆ 8.30ಕ್ಕೆ, ಅಂದರೆ ಹವಾಮಾನ ಇಲಾಖೆ ಅಳೆಯುವ ಹೊತ್ತಿಗೇ, ಸ್ಕೇಲ್ ಇಳಿಸಿ ನೀರು ಎಷ್ಟು ಮಿಲಿಮೀಟರ್ ಎಂದು ಬರೆದು ಚೆಲ್ಲಿ. ಶಾಲೆಯ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಒಂದು ದಿನವೂ ತಪ್ಪಿಸುವುದಿಲ್ಲ. ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5ರ ಮೇಲೆ ಹೋದರೆ ವಿಪರೀತ. 100 ಮಿ.ಮೀ. ಎಂದರೆ ಒಂದು ಎಕರೆ ಗುಡ್ಡದ ಮೇಲೆ ನಾಲ್ಕು ಲಕ್ಷ ಲೀಟರ್, 5,000 ಲೀಟರಿನ 80 ಟ್ಯಾಂಕರ್ ನೀರು ಸುರಿದಂತೆ. ಇದನ್ನು ಸಭೆಯಲ್ಲಿ ಹೇಳಿದ ಮೇಲೆ ನಮ್ಮಲ್ಲಿ ‘ಇಂಥ ಮಳೆ ಎಷ್ಟೋ ನೋಡಿದ್ದೇವೆ’ ಎನ್ನುವವರು ಕಡಿಮೆಯಾದರು.

ನಾವು ಒಂದು ಗೆರೆ ಹಾಕಿಕೊಂಡಿದ್ದೇವೆ. ಸತತ ಎರಡು ದಿನ ಅತಿ ಭಾರಿ ಮಳೆಯಾದರೆ ಬರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಕೆಳಗಿನ ಮನೆಯವರು ಆ ರಾತ್ರಿ ಬೇರೆ ಕಡೆ ಮಲಗುತ್ತಾರೆ. ಇದು ಸರ್ಕಾರಿ ಸೂತ್ರವಲ್ಲ, ಊರಿನವರು ಕೂತು ಒಪ್ಪಿಕೊಂಡದ್ದು. ಜಿಲ್ಲಾಡಳಿತ ಬಿಟ್ಟುಹೋಗಿ ಎಂದರೆ ಡಬ್ಬಿ ಏನೇ ಹೇಳಲಿ, ಹೊರಡಬೇಕು. ಇನ್ನು ಕೆಲವು ಲಕ್ಷಣಗಳಿಗೆ ಮಳೆಯ ಲೆಕ್ಕವೇ ಬೇಡ. ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು, ಸುಮ್ಮನೆ ವಾಲಿದ ಮರ ಅಥವಾ ಕಂಬ, ತಿಳಿಯಾಗಿದ್ದ ಒರತೆ ಕೆಂಪಾಗುವುದು, ನಿನ್ನೆ ತೆರೆಯುತ್ತಿದ್ದ ಬಾಗಿಲು ಇಂದು ಚೌಕಟ್ಟಿಗೆ ಕಚ್ಚಿಕೊಳ್ಳುವುದು. ಎಲ್ಲಕ್ಕಿಂತ ಕೆಟ್ಟದ್ದು, ಮಳೆ ಸುರಿಯುತ್ತಿರುವಾಗಲೇ ತೋಡಿನ ನೀರು ಇದ್ದಕ್ಕಿದ್ದಂತೆ ಇಳಿಯುವುದು. ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿಕೊಂಡಿರಬಹುದು. ಆಗ ನೋಡಲು ಹೋಗಬೇಡಿ, ಇಳಿಜಾರಿನ ದಾರಿ ಬಿಟ್ಟು ಪಕ್ಕಕ್ಕೆ, ಎತ್ತರಕ್ಕೆ ಹೋಗಿ.

ಸಾಮಾನು, ತರಬೇತಿ

ಹಾರೆ, ಗುದ್ದಲಿ, ಕತ್ತಿ, ಏಣಿ ಎಲ್ಲರ ಮನೆಯಲ್ಲೂ ಇವೆ. ಯಾವುದು ಯಾರ ಮನೆಯಲ್ಲಿ ಎಂದು ಬರೆದಿಟ್ಟರೆ ಸಾಕು. ಕೊಳ್ಳಬೇಕಾದದ್ದು 30 ಮೀಟರ್ ಗಟ್ಟಿ ಹಗ್ಗ, ತಲೆಗೆ ಕಟ್ಟುವ ಟಾರ್ಚ್, ಬ್ಯಾಟರಿ ಮೆಗಾಫೋನ್, ತಂಡದ ಪ್ರತಿಯೊಬ್ಬರ ಕೊರಳಿಗೆ ಒಂದು ಸೀಟಿ. ಕರೆಂಟ್ ಹೋದರೆ ದೇವಸ್ಥಾನದ, ಮಸೀದಿಯ ಮೈಕು ಕೆಲಸ ಮಾಡುವುದಿಲ್ಲ, ಸ್ವಲ್ಪ ಹೊತ್ತಿಗೆ ಟವರ್ ಕೂಡ ಸಾಯುತ್ತದೆ. ಮೂರು ಉದ್ದ ಸೀಟಿ ಎಂದರೆ ಮನೆ ಬಿಡಿ ಎಂದು ಮೊದಲೇ ಎಲ್ಲರಿಗೂ ತಿಳಿದಿರಲಿ. ಎರಡು ಬಿದಿರು ಗಳ, ಎರಡು ಗೋಣಿಚೀಲ ಇದ್ದರೆ ಸ್ಟ್ರೆಚರ್ ಆಯಿತು: ಚೀಲದ ತಳದ ಎರಡು ಮೂಲೆ ಕತ್ತರಿಸಿ ಗಳ ತೂರಿಸಿ. ದಪ್ಪ ಇರುವವರೊಬ್ಬರನ್ನು ಅದರಲ್ಲಿ ಮಲಗಿಸಿ ಒಮ್ಮೆ ಗುಡ್ಡ ಹತ್ತಿಸಿ ನೋಡಿ. ನಾಲ್ವರು ಸಾಲುವುದಿಲ್ಲ, ಎಂಟು ಜನ ಬೇಕು ಎಂದು ಆಗ ಗೊತ್ತಾಗುತ್ತದೆ.

ಹತ್ತಿರದ ಅಗ್ನಿಶಾಮಕ ಠಾಣೆಗೆ ಮನವಿ ಕೊಟ್ಟು ಊರಿಗೇ ಬಂದು ಪ್ರಾತ್ಯಕ್ಷಿಕೆ ಮಾಡಲು ಕೇಳಿಕೊಳ್ಳಿ. ಆಪದ ಮಿತ್ರದಂಥ ಸರ್ಕಾರಿ ಯೋಜನೆಗಳಲ್ಲಿ ಸ್ವಯಂಸೇವಕರಿಗೆ ತರಬೇತಿ ಇರುತ್ತದೆ. ನಿಮ್ಮ ಜಿಲ್ಲೆಯಲ್ಲಿ ಯಾವಾಗ ಎಂದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದಲ್ಲಿ ವಿಚಾರಿಸಿ. ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108, ಜಿಲ್ಲಾ ಸಹಾಯವಾಣಿ 1077, ವಿದ್ಯುತ್‌ಗೆ 1912. ಇವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡರೆ ಸಾಲದು, ಗೋಡೆಯ ಮೇಲೆ ಬರೆಯಿಸಿ.

ಆ ರಾತ್ರಿ

ಮನೆ ಬಿಡಿಸುವುದೇ ಕಷ್ಟದ ಕೆಲಸ. ಹಲವರು ಹೊರಡದಿರುವುದು ಹಟದಿಂದಲ್ಲ, ಕೊಟ್ಟಿಗೆಯ ಹಸುವಿನಿಂದ. ವಾದ ಮಾಡಬೇಡಿ. ಮೊದಲು ಹೋಗಿ ದನದ ಹಗ್ಗ ಬಿಚ್ಚಿ, ಕಟ್ಟಿಹಾಕಿದ ದನಕ್ಕೆ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ. ಹಸು ಹೊರಗೆ ಬಂತೆಂದರೆ ಅಜ್ಜಿಯೂ ಚೀಲ ಹಿಡಿದು ಹೊರಡುತ್ತಾರೆ. ಆಧಾರ್, ಪಹಣಿ, ಪಾಸ್‌ಬುಕ್, ಮಾತ್ರೆ ಇರುವ ಆ ಚೀಲವನ್ನು ಜೂನ್‌ನಲ್ಲೇ ಕಟ್ಟಿಸಿ ಬಾಗಿಲ ಹಿಂದೆ ತೂಗುಹಾಕಿಸಿ.

ಹರಿಯುವ ನೀರಿಗೆ ಯಾರೂ ಇಳಿಯಬಾರದು, ಈಜು ಬಲ್ಲವರೂ ಕೂಡ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ದಡದಿಂದಲೇ ಎಸೆಯಿರಿ. ಕುಸಿದ ಜಾಗಕ್ಕೆ ಗುಂಪಾಗಿ ಓಡಬೇಡಿ, ಎರಡನೇ ಬಾರಿ ಜರಿಯುವುದು ಸಾಮಾನ್ಯ. ಒಬ್ಬರು ಗುಡ್ಡದ ಮೇಲೇ ಕಣ್ಣಿಟ್ಟು, ಸೀಟಿ ಬಾಯಲ್ಲಿಟ್ಟುಕೊಂಡು ನಿಲ್ಲಲಿ. ಜೆಸಿಬಿ ಬಂದಿದ್ದರೂ ಒಂದು ನಿಮಿಷ ಎಂಜಿನ್ ನಿಲ್ಲಿಸಲು ಹೇಳಿ, ಎಲ್ಲರೂ ಬಾಯಿ ಮುಚ್ಚಿ, ಹೆಸರು ಹಿಡಿದು ಕೂಗಿ ಕಿವಿಗೊಡಿ.

ಮನೆ ಬಿಟ್ಟವರು ತಂಗುವ ಕಾಳಜಿ ಕೇಂದ್ರದ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ಒಬ್ಬರು ಕೂತು, ಬಂದವರ ಹೆಸರಿಗೆ ಗುರುತು ಹಾಕುತ್ತಾ ಹೋಗಲಿ. ಗುರುತು ಬೀಳದ ಹೆಸರುಗಳನ್ನು ಹುಡುಕಿದರಾಯಿತು. ಹಳೆಯ ಬಟ್ಟೆ ರಾಶಿ ರಾಶಿ ಬರುತ್ತದೆ, ಕೇಳದೆ ತರಿಸಬೇಡಿ. ಅಲ್ಲಿ ಕೊರತೆ ಬೀಳುವುದು ಸ್ಯಾನಿಟರಿ ಪ್ಯಾಡ್, ಒಳಉಡುಪು, ಬಿ.ಪಿ. ಮಾತ್ರೆ, ಮಗುವಿನ ಹಾಲಿನ ಪುಡಿ.

ಮಳೆಗಾಲ ಮುಗಿದ ಮೇಲೆ ಅದೇ ನೆಲದಲ್ಲಿ ಕೂತು ನಕ್ಷೆಯನ್ನು ಮತ್ತೆ ಬರೆಯಿರಿ. ಬಿರುಕು ಬಿಟ್ಟ ಜಾಗ, ನೀರು ಉಕ್ಕಿದ ಮೋರಿ, ಹುಟ್ಟಿದ ಮಕ್ಕಳು, ಊರು ಬಿಟ್ಟವರು, ಎಲ್ಲ ಸೇರಲಿ. ಒಂದು ಪ್ರತಿಯನ್ನು ಗ್ರಾಮಸಭೆಯಲ್ಲಿ ಪಿಡಿಒ ಕೈಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ.