ಪ್ಲೇಟೇ ಇಲ್ಲದ ಟರ್ಬೊ

ಎರಡು ವರ್ಷದ ಹಿಂದೆ 2006ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಕೊಂಡೆ. 1.8 ಲೀಟರ್ ಟರ್ಬೊ ಪೆಟ್ರೋಲ್, ಕಂಪನಿಯಿಂದ ಬಂದಾಗ 150 ಎಚ್‌ಪಿ. ಟರ್ಬೊ ಅಂದರೆ ಎಂಜಿನ್‌ನಿಂದ ಹೊರಹೋಗುವ ಹೊಗೆಯ ಬಲದಲ್ಲಿ ತಿರುಗಿ, ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪಂಪ್. ಮಾರಿದವರು "ದೊಡ್ಡ ಟರ್ಬೊ ಹಾಕ್ಸಿದ್ದೀನಿ, ಕೆ04" ಅಂದಿದ್ದರು. ಆರು ತಿಂಗಳಿಗೆ ಆಯಿಲ್ ಉರಿಯುತ್ತಿದೆ ಅನ್ನುವ ನೀಲಿ ಹೊಗೆ ಶುರುವಾಯಿತು. ರಿಪೇರಿ ಕಿಟ್ ತರಿಸೋಣ ಅಂದರೆ, ಯಾವ ಟರ್ಬೊ ಅಂತ ಗೊತ್ತಾಗಬೇಕಲ್ವಾ?

ಕಾರಿನ ಮೂಲ ಟರ್ಬೊ ಕೆ03, ಅಥವಾ ಅದಕ್ಕಿಂತ ದೊಡ್ಡ ಕೆ04 ಆದರೆ ಟರ್ಬೊಗೆ ಅಂಟಿಸಿದ ಪ್ಲೇಟ್ ಮೇಲಿನ ನಂಬರ್ 5303 ಅಥವಾ 5304ರಿಂದ ಶುರುವಾಗುತ್ತದೆ. ನನ್ನದರಲ್ಲಿ ಪ್ಲೇಟೇ ಇರಲಿಲ್ಲ. ಟಾರ್ಚ್ ಹಿಡಿದು ಎಂಜಿನ್ ಹೊಗೆ ತರುವ ಮ್ಯಾನಿಫೋಲ್ಡ್‌ಗೆ ಟರ್ಬೊ ಸೇರುವ ಫ್ಲಾಂಜ್ (ಬೋಲ್ಟ್ ಹಾಕುವ ಚಪ್ಪಟೆ ಅಂಚು) ನೋಡಿದೆ, ನಾಲ್ಕು ಬೋಲ್ಟ್. ಈ ಎಂಜಿನ್‌ನ ಕೆ03ಗೆ ಇರುವುದು ಮೂರು ಬೋಲ್ಟಿನ ತ್ರಿಕೋನ ಫ್ಲಾಂಜ್. ಅದರ ಜಾಗದಲ್ಲಿ ನೇರ ಕೂರುವ ಕೆ04ಗೂ ಅಷ್ಟೇ. ಅಲ್ಲಿಗೆ ಕೆ04 ಮಾತು ಮುಗಿಯಿತು.

ಹೌಸಿಂಗ್ (ಹೊರಕವಚ) ಮೇಲೆ "ಎ/ಆರ್ .60" ಅಂತ, ಅಂದರೆ ಕವಚದ ಒಳದಾರಿಯ ಗಾತ್ರ ಹೇಳುವ ಅಂಕಿ, ಎರಕದಲ್ಲೇ ಮೂಡಿತ್ತು. ಅದೊಂದನ್ನೇ ನಂಬಬಾರದು. ಹೌಸಿಂಗ್ ಒಂದರದ್ದು, ಒಳಗಿನ ವೀಲ್ ಇನ್ನೊಂದರದ್ದು ಇರಬಹುದು. ಟರ್ಬೊ ಬಿಚ್ಚಿ ಮೇಜಿನ ಮೇಲಿಟ್ಟು ವರ್ನಿಯರ್ ಹಿಡಿದೆ. ಗಾಳಿ ಒತ್ತುವ ಕಂಪ್ರೆಸರ್ ವೀಲ್ ಗಾಳಿ ಎಳೆಯುವ ಬದಿಯಲ್ಲಿ 47.2 ಮಿ.ಮೀ., ಹಿಂದಿನ ಅಗಲದ ಬದಿಯಲ್ಲಿ 60. ಸಣ್ಣದನ್ನು ದೊಡ್ಡದರಿಂದ ಭಾಗಿಸಿ, ವರ್ಗ ಮಾಡಿ, 100ರಿಂದ ಗುಣಿಸಿದರೆ ಸಿಗುವುದೇ ಟ್ರಿಮ್. ನನಗೆ 62 ಬಂತು. ಅಳೆಯುವಾಗ ಒಂದು ಎಚ್ಚರ ಬೇಕು. ರೆಕ್ಕೆಗಳು ಬೆಸ ಸಂಖ್ಯೆಯಲ್ಲಿದ್ದರೆ ತುದಿಗಳು ಎದುರುಬದುರು ಬರುವುದಿಲ್ಲ, ಅಳತೆ ಕಡಿಮೆ ತೋರಿಸುತ್ತದೆ. ಹೊಗೆಯ ಬಲಕ್ಕೆ ತಿರುಗುವ ಇನ್ನೊಂದು ವೀಲ್, ಟರ್ಬೈನ್, ನನ್ನದರಲ್ಲಿ 11 ರೆಕ್ಕೆಯದು. ಅದಕ್ಕೇ ಅಲ್ಲಿ ವೀಲ್ ಬಿಟ್ಟು ಹೌಸಿಂಗ್ ಬಾಯಿಯನ್ನು ಅಳೆದೆ.

47.2, 60, ಟ್ರಿಮ್ 62. ಗ್ಯಾರೆಟ್ ಕಂಪನಿಯ ಜಿಟಿ2860ಆರ್‌ಎಸ್ ಟರ್ಬೊದ ಕಂಪ್ರೆಸರ್ ಅಳತೆ ಹೆಚ್ಚುಕಡಿಮೆ ಇದೇ. ಖುಷಿಯಾಯಿತು. ಆದರೆ ಆಯಿಲ್ ಒಳಹೋಗುವ ತೂತಿಗೆ ಟಾರ್ಚ್ ಬಿಟ್ಟರೆ ಹಿತ್ತಾಳೆ ಬಣ್ಣದ ಬುಷ್, ಅಂದರೆ ಶಾಫ್ಟ್ ತಿರುಗುವ ಬಳೆಯಂಥ ಬೇರಿಂಗ್, ಕಂಡಿತು. ಆ ಗ್ಯಾರೆಟ್‌ಗೆ ಇರುವುದು ಬಾಲ್ ಬೇರಿಂಗ್. ಅಂದರೆ ನನ್ನದು ಅದರ ಅಳತೆಗೆ ಮಾಡಿದ ನಕಲು.

ಹೊಗೆಯ ಮೂಲ ಸಿಕ್ಕಿದ್ದು ಆಯಿಲ್ ಪೈಪಿನಲ್ಲಿ. ಬಾಲ್ ಬೇರಿಂಗ್ ಟರ್ಬೊಗೆ ಆಯಿಲ್ ಕಡಿಮೆ ಸಾಕು, ಅದಕ್ಕೇ ಆಯಿಲ್ ತಡೆಯಲು ಸುಮಾರು 1 ಮಿ.ಮೀ. ತೂತಿನ ರೆಸ್ಟ್ರಿಕ್ಟರ್ ಹಾಕುತ್ತಾರೆ. ಯಾರೋ ಅದನ್ನು ಇಲ್ಲೂ ಹಾಕಿದ್ದರು. ಬುಷ್ ಇರುವುದಕ್ಕೆ ಆಯಿಲ್ ಜಾಸ್ತಿ ಬೇಕು. ಅದು ಸಾಲದೆ ಬುಷ್ ಸವೆದುಹೋಗಿ, ಆಯಿಲ್ ಸೋರಿ ಉರಿಯುತ್ತಿತ್ತು. ಶಾಫ್ಟ್ ಅಲ್ಲಾಡಿಸಿದರೆ ರೆಕ್ಕೆ ಹೌಸಿಂಗ್‌ಗೆ ತಾಗುತ್ತಿತ್ತು. ನೋಡಿ ಹೊಟ್ಟೆ ಉರಿಯಿತು. ಅಷ್ಟು ಒಳ್ಳೆ ಎಂಜಿನ್‌ಗೆ ಹೀಗಾ ಮಾಡೋದು?

ರೆಸ್ಟ್ರಿಕ್ಟರ್ ತೆಗೆದು, ಬ್ಯಾಲೆನ್ಸ್ ಮಾಡಿಸಿದ ಹೊಸ ಕೋರ್ (ಶಾಫ್ಟ್, ವೀಲ್, ಬೇರಿಂಗ್ ಇರುವ ನಡುಭಾಗ) ಕೂರಿಸಿದೆ. ಎಂಜಿನ್ ಕಂಪ್ಯೂಟರ್‌ನ ಮ್ಯಾಪ್ (ಸೆಟ್ಟಿಂಗ್) ಮಾಡುವವರಿಗೆ ಈ ಸಲ ಟರ್ಬೊ ಹೆಸರು ಹೇಳಲಿಲ್ಲ, ಅಳತೆ ಬರೆದ ಚೀಟಿ ಕೊಟ್ಟೆ. ಹೊಗೆ ನಿಂತಿದೆ.