ಎಳೆಯುವ ಮುನ್ನ ಅಳೆಯಿರಿ: ಗುದ್ದಿದ ಕಾರಿನ ಸುರಕ್ಷಿತ ರಿಪೇರಿ

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಡಾಬಸ್‌ಪೇಟೆಯಿಂದ ಶಿರಾವರೆಗೆ ಎಲ್ಲೇ ಅಪಘಾತವಾಗಲಿ, ನುಜ್ಜುಗುಜ್ಜಾದ ಕಾರು ಟೋಯಿಂಗ್ ಗಾಡಿ ಏರಿ ತುಮಕೂರಿನ ಗ್ಯಾರೇಜಿಗೆ ಬರುವುದು ಮಾಮೂಲು. ಅಂಗಳದ ತೆಂಗಿನ ಮರಕ್ಕೆ ಸರಪಳಿ ಬಿಗಿದು, ಚೈನ್ ಬ್ಲಾಕ್‌ನಲ್ಲಿ ಮೂತಿ ಎಳೆದು, ಪುಟ್ಟಿ ಮೆತ್ತಿ, ಪೇಂಟ್ ಹೊಡೆದು ಕಳಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ನೋಡಲು ಕಾರು ಹೊಸದರಂತೆಯೇ ಇರುತ್ತದೆ. ಬಂಡವಾಳ ಬಯಲಾಗುವುದು ಇನ್ನೊಮ್ಮೆ ಗುದ್ದಿದಾಗ.

ಬೊಲೆರೊ, ಸ್ಕಾರ್ಪಿಯೊದಂಥ ಗಾಡಿಗಳಿಗೆ ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಬೇರೆ, ಬಾಡಿ ಬೇರೆ. ಸ್ವಿಫ್ಟ್, ನೆಕ್ಸಾನ್‌ನಂಥ ಕಾರುಗಳಲ್ಲಿ ಬಾಡಿಯೇ ಚಾಸಿ. ಬಾನೆಟ್ ಕೆಳಗಿನ ಎರಡು ಉದ್ದ ಮೆಂಬರ್‌ಗಳು, ಅಂದರೆ ಉಕ್ಕಿನ ತೊಲೆಗಳು, ಏಟು ಬಿದ್ದಾಗ ಲೆಕ್ಕದಂತೆ ಮಡಚಿಕೊಂಡು ಆ ಏಟನ್ನು ನುಂಗಬೇಕು. ಕೂತವರ ಸುತ್ತಲಿನ ಪಂಜರ ಮಾತ್ರ ಜಗ್ಗಬಾರದು. 2017ರ ಅಕ್ಟೋಬರ್‌ನಿಂದ ಹೊಸ ಮಾಡೆಲ್‌ಗಳಿಗೆ, 2019ರ ಅಕ್ಟೋಬರ್‌ನಿಂದ ಎಲ್ಲ ಕಾರುಗಳಿಗೆ ಮುಂಭಾಗದ ಕ್ರ್ಯಾಶ್ ಟೆಸ್ಟ್ ಕಡ್ಡಾಯವಾಗಿದೆ. ಆ ಪರೀಕ್ಷೆಯಲ್ಲಿ ಪಾಸಾದ ಬಾಡಿಯನ್ನು ಅಂದಾಜಿನ ಮೇಲೆ ಎಳೆದರೆ ಮೆಂಬರ್ ಮಡಚುವ ಬಗೆಯೂ ಬದಲಾಗುತ್ತದೆ, ಏರ್‌ಬ್ಯಾಗ್ ಬಿಚ್ಚುವ ಹೊತ್ತೂ ತಪ್ಪಬಹುದು.

ಕೈ ಹಾಕುವ ಮೊದಲು

ಕಾರನ್ನು ಎತ್ತಿದ ಮೇಲೆ ಜಾಕ್ ನಂಬಿಕೊಂಡು ಯಾರೂ ಅಡಿಗೆ ಹೋಗಕೂಡದು. ಕಾರಿನ ತೂಕ ತಡೆಯುವ ಸ್ಟ್ಯಾಂಡ್‌ಗಳನ್ನು ಕಂಪನಿ ತೋರಿಸಿದ ಜಾಗದಲ್ಲೇ ಕೊಡಬೇಕು. ಇಟ್ಟಿಗೆ, ಸೈಜುಗಲ್ಲು ಬೇಡ. ಪೆಟ್ರೋಲ್ ಸೋರುತ್ತಿದೆಯೇ ನೋಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ.

ಆಮೇಲೆ ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಬಿಚ್ಚಿದ ಕೂಡಲೇ ಸ್ಟೀರಿಂಗ್ ಮುಟ್ಟಬೇಡಿ, ಏಕೆಂದರೆ ಏರ್‌ಬ್ಯಾಗ್ ಯೂನಿಟ್‌ನಲ್ಲಿ ಕರೆಂಟ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಎಷ್ಟು ನಿಮಿಷ ಕಾಯಬೇಕು ಎಂಬುದು ಆಯಾ ಕಂಪನಿಯ ಮ್ಯಾನ್ಯುಯಲ್‌ನಲ್ಲಿದೆ. ಕಾರಿನಿಂದ ಕಳಚಿದ ಏರ್‌ಬ್ಯಾಗನ್ನು ಅದರ ಮುಖ, ಅಂದರೆ ಚೀಲ ಉಬ್ಬಿ ಬರುವ ಬದಿ, ಮೇಲಾಗಿ ಇಡಬೇಕು. ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ತರಬೇತಿ ಪಡೆದವರು, ವೋಲ್ಟೇಜ್‌ಗೆ ತಕ್ಕ ರಬ್ಬರ್ ಗ್ಲೌಸ್ ಹಾಕಿಕೊಂಡು ಮಾತ್ರ ಮುಟ್ಟುವ ಜಾಗ ಅದು.

ಅಳತೆ, ಆಮೇಲೆ ಎಳೆತ

ನನ್ನ ಪ್ರಕಾರ ಗ್ಯಾರೇಜಿನ ಅತಿ ಮುಖ್ಯ ಸಾಮಾನು ಪೇಂಟ್ ಬೂತ್ ಅಲ್ಲ, ಅಳತೆಯ ಸಾಧನ. ಬಾಡಿಯ ಅಡಿಯಲ್ಲಿ ಕಂಪನಿ ಗುರುತಿಸಿದ ತೂತುಗಳು, ಬೋಲ್ಟ್‌ಗಳು ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಉದ್ದ, ಅಗಲ, ಎತ್ತರ ಎಷ್ಟಿರಬೇಕೆಂದು ಡೇಟಾ ಶೀಟ್ ಹೇಳುತ್ತದೆ. ಸಾಮಾನ್ಯವಾಗಿ 3 ಮಿಲಿಮೀಟರ್ ಆಚೀಚೆಯಾದರೆ ಒಪ್ಪಬಹುದು, ಕೆಲವು ಕಂಪನಿಗಳು ಅಷ್ಟಕ್ಕೂ ಬಿಡುವುದಿಲ್ಲ. ಟೇಪು ಎಂಜಿನ್ನಿಗೋ ಪೈಪಿಗೋ ತಗುಲಿ ಬಾಗುವುದರಿಂದ ಮಿಲಿಮೀಟರ್ ಲೆಕ್ಕಕ್ಕೆ ಆಗಿಬರುವುದಿಲ್ಲ. ಎರಡು ತುದಿಗೂ ಮುಳ್ಳಿರುವ ಟ್ರಾಮ್ ಗೇಜ್ ಕನಿಷ್ಠ ಬೇಕು. ಲೇಸರ್ ಅಥವಾ ಎಲೆಕ್ಟ್ರಾನಿಕ್ ಸಿಸ್ಟಂ ಇದ್ದರೆ ಇನ್ನೂ ಒಳ್ಳೆಯದು. ಮೊದಲು ನಡುಭಾಗ ಅಳೆಯಿರಿ. ಅದು ನೆಟ್ಟಗಿದ್ದರೆ ತಾನೇ ಮುಂದು, ಹಿಂದು ಎಷ್ಟು ಸರಿದಿದೆ ಎಂದು ಹೇಳಲಾಗುವುದು?

ಎಳೆಯುವಾಗ ಡೋರ್‌ಗಳ ಕೆಳಗಿನ ತಗಡಿನ ಅಂಚನ್ನು ನಾಲ್ಕು ಕ್ಲ್ಯಾಂಪ್‌ಗಳಿಂದ ಬೆಂಚಿಗೆ, ಅಂದರೆ ಕಾರನ್ನು ಅಲುಗದಂತೆ ಹಿಡಿದಿಡುವ ಉಕ್ಕಿನ ಚೌಕಟ್ಟಿಗೆ, ಕಚ್ಚಿಸಬೇಕು. ಬರೀ ಮರಕ್ಕೆ ಕಟ್ಟಿ ಎಳೆದರೆ ಗುದ್ದಿದ ಮೂತಿಯ ಜೊತೆ ಚೆನ್ನಾಗಿದ್ದ ನಡುಭಾಗವೂ ಹಿಗ್ಗುತ್ತದೆ. ಏಟು ಯಾವ ಕಡೆಯಿಂದ ಬಂತೋ ಆ ಕಡೆಗೇ ಎಳೆಯಬೇಕು, ಕೊನೆಗೆ ಬಗ್ಗಿದ್ದನ್ನು ಮೊದಲು ಬಿಡಿಸಬೇಕು. ಸ್ವಲ್ಪ ಎಳೆದು, ಮಡಿಕೆಯ ಸುತ್ತ ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ಹೈಡ್ರಾಲಿಕ್ ಸಡಿಲಿಸಿ, ಮತ್ತೆ ಅಳೆಯಿರಿ. ತಗಡು ಸ್ವಲ್ಪ ವಾಪಸ್ ಹೋಗಿರುತ್ತದೆ. ಇದನ್ನೇ ಮಾಡುತ್ತಾ ಹೋಗುವುದು. ಬೇಸರದ ಕೆಲಸ, ನಿಜ. ಅವಸರಪಟ್ಟವರು ಒಂದೇ ಸಲ ಜಗ್ಗಿ ಲೋಹವನ್ನು ಸೀಳಿಬಿಡುತ್ತಾರೆ.

ಬಿಗಿದ ಸರಪಳಿಯ ನೇರಕ್ಕೆ ಯಾರೂ ನಿಲ್ಲಬಾರದು. ಕ್ಲ್ಯಾಂಪ್ ಜಾರಿದರೆ ಅದು ಟನ್‌ಗಟ್ಟಲೆ ಸೆಳೆತದಲ್ಲಿ ಹಾರಿ ಬರುತ್ತದೆ. ಕ್ಲ್ಯಾಂಪಿಗೂ ಕಾರಿಗೂ ಸೇಫ್ಟಿ ಕೇಬಲ್ ಕಟ್ಟಿ. ಸರಪಳಿಯ ಕೊಂಡಿ ಬಗ್ಗಿದ್ದರೆ, ಬಿರುಕಿದ್ದರೆ ಗುಜರಿಗೆ ಹಾಕಿ.

ಎಳೆಯುವುದು ಸುಲಭವಾಗಲಿ ಎಂದು ಗ್ಯಾಸ್ ಬೆಂಕಿ ಹಿಡಿಯುವ ಚಾಳಿ ನಮ್ಮಲ್ಲಿ ಜಾಸ್ತಿ. ಇಂದಿನ ಕಾರುಗಳ ಹೈ ಸ್ಟ್ರೆಂತ್ ಉಕ್ಕಿಗೆ ಅದು ಆಗಿಬರದು. ಕೆಂಪಗೆ ಕಾಯಿಸಿದ ಮೇಲೆ ಮೊದಲಿನ ಬಲ ಉಳಿಯುವುದಿಲ್ಲ. ಎರಡು ಡೋರ್‌ಗಳ ನಡುವಿನ ಬಿ ಪಿಲ್ಲರ್ ಬೋರಾನ್ ಉಕ್ಕಿನದಾಗಿದ್ದು ಬಗ್ಗಿದ್ದರೆ, ಅದನ್ನು ನೆಟ್ಟಗೆ ಮಾಡುವ ಮಾತೇ ಇಲ್ಲ. ಕಂಪನಿ ಹೇಳಿದ ಜಾಗದಲ್ಲಿ ಕತ್ತರಿಸಿ ಹೊಸದು ಕೂರಿಸಬೇಕು.

ವೆಲ್ಡಿಂಗ್ ಮತ್ತು ಪೇಂಟ್

ಫ್ಯಾಕ್ಟರಿಯಲ್ಲಿ ಸ್ಪಾಟ್ ವೆಲ್ಡ್ (ಚುಕ್ಕಿ ಚುಕ್ಕಿಯಾಗಿ ಹಾಕುವ ಬೆಸುಗೆ) ಇದ್ದಲ್ಲಿ ಸ್ಪಾಟ್ ವೆಲ್ಡ್, ಎಷ್ಟಿತ್ತೋ ಅಷ್ಟು. ಸ್ಪಾಟ್ ವೆಲ್ಡ್ ಗನ್ ಹೋಗದ ಕಡೆ, ಕಂಪನಿ ಒಪ್ಪಿದ್ದರೆ, ಆರ್ಗಾನ್ ಮಿಶ್ರಿತ ಗ್ಯಾಸಿನಲ್ಲಿ ತಂತಿ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗ್. ಕಾರಿಗೆ ಮುಟ್ಟಿಸುವ ಮೊದಲು ಅದೇ ದಪ್ಪದ ಎರಡು ತಗಡಿನ ಚೂರು ಬೆಸೆದು, ಉಳಿಯಿಂದ ಬಿಡಿಸಿ ನೋಡಿ. ಒಂದು ತಗಡಿನಲ್ಲಿ ತೂತು ಬಿದ್ದು ಇನ್ನೊಂದರ ಮೇಲೆ ಗುಂಡಿಯಂತೆ ಲೋಹ ಕಚ್ಚಿಕೊಂಡಿದ್ದರೆ ಮೆಷಿನ್ ಸೆಟ್ಟಿಂಗ್ ಸರಿ. ಎರಡೂ ನುಣ್ಣಗೆ ಬೇರ್ಪಟ್ಟರೆ ಬೆಸುಗೆ ಹಿಡಿದಿಲ್ಲ. ಜೋಡಣೆಯ ಒಳಮೈಗೆ ವೆಲ್ಡಿಂಗ್‌ಗೆ ಮುನ್ನ ಸತುವಿನ ಪ್ರೈಮರ್, ಪೇಂಟ್ ಎಲ್ಲ ಮುಗಿದ ಮೇಲೆ ಟೊಳ್ಳು ಭಾಗಗಳಿಗೆ ವ್ಯಾಕ್ಸ್ ಸ್ಪ್ರೇ ಮಾಡಿ. ಇಲ್ಲದಿದ್ದರೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಪೇಂಟಿನ ಬಗ್ಗೆ ಒಂದೇ ಮಾತು. ಹಾರ್ಡ್‌ನರ್ ಬೆರೆಸಿ ಹೊಡೆಯುವ ಟೂ-ಕೆ ಪೇಂಟಿನ ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್‌ನಿಂದ ಆಸ್ತಮಾ ಬರಬಹುದು. ಕರ್ಚೀಫು ಕಟ್ಟಿಕೊಂಡು ಸ್ಪ್ರೇ ಗನ್ ಹಿಡಿಯುವ ಹುಡುಗರಿಗೆ ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಕೊಡಿಸುವುದು ಓನರ್‌ನ ಜವಾಬ್ದಾರಿ.

ಬೆಂಚಿಗೆ ಲಕ್ಷಗಟ್ಟಲೆ ಬೇಕು ಸಾರ್ ಎಂದು ಸಣ್ಣ ಗ್ಯಾರೇಜಿನವರು ಹೇಳುವುದು ಸುಳ್ಳಲ್ಲ. ಹಾಗಿದ್ದರೆ ಬಂಪರ್, ಡೋರ್, ಫೆಂಡರ್ ಕೆಲಸ ಇಟ್ಟುಕೊಂಡು, ಮೆಂಬರ್ ಅಥವಾ ಪಿಲ್ಲರ್ ಬಗ್ಗಿದ ಗಾಡಿಯನ್ನು ಬೆಂಚ್ ಇರುವ ಕಡೆಗೆ ಜಾಬ್ ವರ್ಕ್‌ಗೆ ಕಳಿಸಬಹುದು. ಗಿರಾಕಿಗೂ ಅದನ್ನು ಬಾಯಿಬಿಟ್ಟು ಹೇಳಿ.

ಡೆಲಿವರಿಗೆ ಮುನ್ನ

ಅಪಘಾತದಲ್ಲಿ ಬಿಚ್ಚಿಕೊಂಡ ಏರ್‌ಬ್ಯಾಗ್, ಏಟು ಬಿದ್ದಾಗ ಸೀಟ್ ಬೆಲ್ಟನ್ನು ಬಿಗಿಯಾಗಿ ಎಳೆದುಕೊಂಡ ಪ್ರಿಟೆನ್ಷನರ್‌ಗಳನ್ನು ಹೊಲಿದು ಮತ್ತೆ ಕೂರಿಸುವಂತಿಲ್ಲ, ಹೊಸದೇ ಬೇಕು. ವಿಮೆ ಕ್ಲೇಮಿನಲ್ಲಿ ಏರ್‌ಬ್ಯಾಗ್, ಬ್ಯಾಟರಿ, ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಸವಕಳಿ ಕಳೆಯುವುದರಿಂದ, ಜೀರೊ ಡೆಪ್ರಿಸಿಯೇಷನ್ (ಸವಕಳಿ ಕಳೆಯದ ವಿಮೆ) ಇಲ್ಲದವರ ಕೈಯಿಂದ ದುಡ್ಡು ಹೋಗುತ್ತದೆ. ಕಳ್ಳದಾರಿ ಹುಡುಕುವುದು ಇಲ್ಲೇ. ಸ್ಕ್ಯಾನರ್ ಹಾಕಿ ದೋಷದ ಕೋಡ್‌ಗಳನ್ನು ಓದಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ. ಗ್ಲಾಸಿನ ಹಿಂದೆ ಕ್ಯಾಮೆರಾ, ಬಂಪರ್‌ನಲ್ಲಿ ರೇಡಾರ್ ಇರುವ ಕಾರಿಗೆ ಕ್ಯಾಲಿಬ್ರೇಷನ್ ಆಗಲೇಬೇಕು. ರೇಡಾರ್ ಮುಂದಿನ ಬಂಪರ್ ಮೇಲೆ ದಪ್ಪ ಪುಟ್ಟಿ ಇದ್ದರೆ ಅದು ನೆಟ್ಟಗೆ ನೋಡಲಾರದು.

ಕಾರು ಬಿಡಿಸಿಕೊಳ್ಳುವವರು ಬಿಲ್ಲಿನ ಜೊತೆ ಎಳೆಯುವ ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್, ಬಾಡಿ ಬಿಚ್ಚಿದಾಗ ತೆಗೆದ ಫೋಟೊ, ಬದಲಿಸಿದ ಹಳೆಯ ಭಾಗ ಕೇಳಿ ನೋಡಿ. ವಿಮೆ ಕಂಪನಿ ವಾಪಸ್ ಪಡೆಯದಿದ್ದರೆ ಹಳೆಯ ಭಾಗ ಗ್ಯಾರೇಜಿನಲ್ಲೇ ಇರಬೇಕು.